ರಾತ್ರಿ ಕೆಲಸ

ಅರ್ಧ ದಿನಕ್ಕೆ ಎರಡು ಸಾವಿರದ ಇನ್ನೂರು,
ಡೀಸೆಲ್ ಸೇರಿ. ನೀರುದೋಸೆಯ ಬಿಲ್ಲು ಬೇರೆ.
ಬಣಕಲ್ ಇಗರ್ಜಿಯೆದುರು ಎಂಟಕ್ಕೆ ಹತ್ತಿಸಿಕೊಂಡೆ
ಗಂಡ ಕೊಲ್ಡೊ, ಹೆಂಡತಿ ಮಿರೆನ್.
ಸ್ಪೇನಾ, ಎಂದೆ. ಇಬ್ಬರೂ ತಲೆಯಾಡಿಸಿದರು,
ಅವನು ಹೌದೆಂಬಂತೆ, ಅವಳು ಅಲ್ಲವೆಂಬಂತೆ.
ಬಾಸ್ಕ್, ಎಂದಳು, ಮಗುವಿಗೆ ಅಕ್ಷರ ತಿದ್ದಿಸುವ ಹಾಗೆ.
ಕಡಲಂಚಿನ ಗಡಿಯೂರು, ಒಂದು ಹೊಳೆ,
ದಡಕ್ಕೊಂದು ದೇಶ,
ಮಾತು ಮಾತ್ರ ಎರಡೂ ದಡಕ್ಕೆ ಅದೇ.

ನನ್ನದು ಹನ್ನೊಂದು ವರ್ಷದ ಬಾಯಿಪಾಠ.
ಜಾವಳಿಯಲ್ಲಿ ಇಳಿಸಿ ಹೇಳುತ್ತೇನೆ: ಇವಳು ಹೇಮಾವತಿ,
ಇಲ್ಲಿ ಹುಟ್ಟಿ, ಬೆನ್ನು ತಿರುಗಿಸಿ ಮೂಡಣಕ್ಕೆ ಹೋಗುತ್ತಾಳೆ.
ಆ ಗುಡ್ಡದಾಚೆ ಬಿದ್ದ ಮಳೆ ನೇತ್ರಾವತಿಯ ಪಾಲು,
ಅದು ಪಡುವಣ ಕಡಲಿಗೆ.
ಇಲ್ಲಿ ನಾನು ಸ್ವಲ್ಪ ಹೊತ್ತು ಸುಮ್ಮನಿರಬೇಕು, ಕ್ಯಾಮೆರಾಗಳಿಗಾಗಿ.
ಸುಮ್ಮನಿದ್ದೆ.
ಮಿರೆನ್ ಬಗ್ಗಿ ಬೊಗಸೆಯಲ್ಲಿ ನೀರೆತ್ತಿ
ಅರ್ಧ ಇತ್ತ ಚೆಲ್ಲಿದಳು, ಅರ್ಧ ಅತ್ತ.
ಅರ್ಚಕರು ನೋಡಿಯೂ ನೋಡದಂತೆ ಗಂಟೆ ಒರೆಸುತ್ತಿದ್ದರು.

ಅವರ ಹೊಳೆಯ ನಡುವೆ ಒಂದು ಕುದುರು ಇದೆಯಂತೆ,
ಆರು ತಿಂಗಳು ಆ ದೇಶದ್ದು, ಆರು ತಿಂಗಳು ಈ ದೇಶದ್ದು.
ಯಾರೂ ವಾಸವಿಲ್ಲ. ಮರಗಳಿವೆ, ಒಂದು ಕಲ್ಲಿದೆ.
ಮರಗಳಿಗೆ ಯಾರು ತಿಳಿಸುತ್ತಾರೆ, ಎಂದೆ.
ಹುಲ್ಲು ಕೊಯ್ಯುವವನು ಬದಲಾಗುತ್ತಾನೆ, ಅಷ್ಟೇ, ಎಂದ ಕೊಲ್ಡೊ.

ಕೊಟ್ಟಿಗೆಹಾರದ ಚೆಕ್‌ಪೋಸ್ಟಿನಲ್ಲಿ ಅಡ್ಡಗಂಬಿ ಇಳಿದಿತ್ತು.
ಅವನು ಅಂಗಿಯೊಳಗೆ ಕೈ ಹಾಕಿ ಪಾಸ್‌ಪೋರ್ಟು ತೆಗೆದ.
ಗಾರ್ಡು ದ್ಯಾವಯ್ಯ ಅದರ ಕಡೆ ನೋಡಲೂ ಇಲ್ಲ:
ಪ್ಲಾಸ್ಟಿಕ್ ಬಾಟ್ಲಿ ಇದ್ಯಾ?
ಫಾಲ್ಸ್ ಹತ್ರ ನಿಲ್ಲಿಸ್ಬೇಡಿ, ಜಾರುತ್ತೆ.
ನಮ್ಮ ಜಿಲ್ಲೆ ಮುಗಿಯುವಲ್ಲಿ ಇಷ್ಟೇ ವಿಚಾರಣೆ.

ಕೊಲ್ಡೊ ನಕ್ಕ. ನಗುತ್ತಲೇ ಅಜ್ಜನನ್ನು ತೆಗೆದ:
ಅಮಾವಾಸ್ಯೆಗೆ ಹೊಳೆ ದಾಟುತ್ತಿದ್ದನಂತೆ,
ಹಗ್ಗದ ಅಟ್ಟೆಯ ಚಪ್ಪಲಿ, ಸದ್ದಿಲ್ಲದ್ದು,
ಬೆನ್ನ ಮೇಲೆ ಮೂವತ್ತು ಕಿಲೋ.
ಮೂವತ್ತು ಕಿಲೋ ಏನು?
ಕಾಫಿ.
ನಮ್ಮ ಮಾತಿನಲ್ಲಿ ಅದನ್ನು ಕಳ್ಳಸಾಗಣೆ ಅನ್ನುವುದಿಲ್ಲ,
ಗೌ ಲಾನಾ ಅನ್ನುತ್ತೇವೆ. ರಾತ್ರಿ ಕೆಲಸ.

ನಿಲ್ಲಿಸಬಾರದ ತಿರುವಿನಲ್ಲೇ ಜೀಪು ನಿಲ್ಲಿಸಿದೆ.
ರಾತಿಚೆಂ ಕಾಮ್.
ಅಮ್ಮ ಕೊಂಕಣಿಯಲ್ಲಿ ಅನ್ನುತ್ತಿದ್ದದ್ದು ಇದನ್ನೇ,
ಅಂದ ಮೇಲೆ ಗೋಣಿಯ ಹಾಗೆ ಬಾಯಿ ಹೊಲಿದುಕೊಳ್ಳುತ್ತಿದ್ದಳು.
ಅದು ಬೋರ್ಡಿನ ಕಾಲ. ಬೀಜ ಪೂರಾ ಬೋರ್ಡಿಗೆ,
ದುಡ್ಡು ಕಂತಿನಲ್ಲಿ, ಮಕ್ಕಳು ಎರಡು ಕ್ಲಾಸು ದಾಟಿದ ಮೇಲೆ.
ನನ್ನಪ್ಪ ಪಾಸ್ಕಲ್ ಲಸ್ರಾದೊ ಮಂಗಳೂರಿನಿಂದ
ಬೂತಾಯಿಯ ಲಾರಿ ಹತ್ತಿಸಿಕೊಂಡು ಬರುವವನು.
ಇಳಿಯುವಾಗ ಖಾಲಿ ಬುಟ್ಟಿ. ಖಾಲಿ ಎಂದು ನಾವೂ ನಂಬಿದ್ದೆವು.
ಕೆಳಗೆ ಕಾಫಿ, ಮೇಲೆ ಬುಟ್ಟಿ, ಅದರ ಮೇಲೆ ಆ ವಾಸನೆ.
ಪೊಲೀಸರ ಕೈ ಅವರ ಮೂಗು ದಾಟಿ ಮುಂದೆ ಬರುತ್ತಿರಲಿಲ್ಲ.

ಒಂದು ಸಲ ಬಂತು.
ಒಂಬತ್ತು ದಿನ ಒಳಗಿದ್ದ.
ಕೇಳಿದವರಿಗೆಲ್ಲ ಅಮ್ಮ, ನೊವೇನಾಕ್ಕೆ ಹೋಗಿದ್ದಾರೆ, ಎಂದಳು.
ಲೆಕ್ಕ ಸರಿಯಾಗಿಯೇ ಇತ್ತು.

ಇದೇ ಘಾಟಿಯಲ್ಲಿ ಎಷ್ಟು ಜನಕ್ಕೆ
ಹಕ್ಕಿಯ ಹೆಸರು, ಮರದ ಹೆಸರು ಹೇಳಿದ್ದೇನೆ,
ಇದನ್ನು ಹೇಳಿರಲಿಲ್ಲ, ನನ್ನ ಹೆಂಡತಿಗೂ.
ಹಿಂದಿನ ಸೀಟಿನಲ್ಲಿ ಇಬ್ಬರೂ ತಮ್ಮ ಮಾತಿನಲ್ಲಿ ಏನೋ ಆಡಿಕೊಂಡರು,
ಒಂದಕ್ಷರ ತಿಳಿಯಲಿಲ್ಲ. ತಿಳಿಯಬೇಕೆನಿಸಲೂ ಇಲ್ಲ.
ಬಸ್ಸೊಂದು ಹಾರ್ನು ಹೊಡೆದು ಬೈದುಕೊಂಡು ಹೋಯಿತು.

ಇಲ್ಲಿಂದ ಕಡಲು ಕಾಣುತ್ತದಾ, ಮಿರೆನ್ ಕೇಳಿದಳು.
ಸಂಜೆ ಮಂಜು ಸರಿದರೆ ಬೆಳ್ಳಿಯ ಗೆರೆಯಷ್ಟು,
ಎಂದು ಎಲ್ಲರಿಗೂ ಹೇಳುತ್ತೇನೆ.
ಇಲ್ಲ, ಎಂದೆ. ನಾನು ಒಂದು ದಿನವೂ ಕಂಡಿಲ್ಲ.
ಮೀನಿನ ಲಾರಿ ಹತ್ತುವಾಗ ಮೂಗಿಗೆ ಬರುತ್ತದೆ.

ಮತ್ತೆ ಮೇಲೆ, ಕೊಟ್ಟಿಗೆಹಾರ.
ದೋಸೆ ಆಯಿತು. ಬಿಲ್ಲು ನಾನೇ ಕೊಟ್ಟೆ.
ಒಂದೂವರೆಗೆ, ಅಂದರೆ ಹೊತ್ತು ಮೀರಿದ ಮೇಲೆ,
ಮೂರು ಲೋಟ ಕಾಫಿ ಬಂತು.
ಕುಡಿಯುವ ಮೊದಲು ಮೂವರೂ
ಒಮ್ಮೆ ಮೂಸಿ ನೋಡಿದೆವು.